ಕಪಾಟಿನಲ್ಲಿರುವ ಬಿ.ಎಡ್. ಸರ್ಟಿಫಿಕೇಟು

ನಮ್ಮ ಮನೆಗಳಲ್ಲಿ ವೀಸಾ ಎಂದರೆ ಇಷ್ಟು ಕಾಲ ಗಂಡಸರ ವಿಷಯ. ಮಗನಿಗೆ ವೀಸಾ ಬಂತು, ಅಳಿಯನ ವೀಸಾ ಕ್ಯಾನ್ಸಲ್ ಆಯಿತು, ಆಚೆಮನೆಯವರ ಹುಡುಗ ಎಕ್ಸಿಟ್‌ನಲ್ಲಿ ಬಂದ, ಮಾತೆಲ್ಲ ಹೀಗೆಯೇ. ಹೆಂಡತಿ ಮಕ್ಕಳು ಹೋದರೂ ಅವರದು ಗಂಡನ ಇಕಾಮಾದ ನೆರಳು. 2017ರ ಜುಲೈಯಲ್ಲಿ ಸೌದಿ ಸರಕಾರ ಕುಟುಂಬದ ಒಬ್ಬೊಬ್ಬ ಸದಸ್ಯನಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷ ವರ್ಷ ಏರಿ 2020ಕ್ಕೆ 400 ರಿಯಾಲ್ ಆಯಿತು. ಎಷ್ಟೋ ಸಂಸಾರಗಳು ಪೆಟ್ಟಿಗೆ ಕಟ್ಟಿ ಊರಿಗೆ ಬಂದವು. ಇಪ್ಪತ್ತು ವರ್ಷ ದುಡಿದರೂ ಅಲ್ಲಿ ನಿಲ್ಲುವ ಹಕ್ಕು ನಮಗಿಲ್ಲ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಈಗ ನಮ್ಮ ಯುವ ದಂಪತಿಗಳು ಬೇರೆ ದಾರಿ ವಿಚಾರಿಸುತ್ತಿದ್ದಾರೆ. ಅದರಲ್ಲಿ ಒಂದು ಆಸ್ಟ್ರೇಲಿಯಾದ ಕುಶಲ ವೃತ್ತಿಯ ವೀಸಾ. ಅಲ್ಲಿ ನೋಡುವುದು ಅರ್ಜಿದಾರರ ಓದು, ವೃತ್ತಿ, ವಯಸ್ಸು, ಇಂಗ್ಲಿಷ್. ಅರ್ಜಿ ಗೆದ್ದರೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಹೋಗಬಹುದು. ಗಂಡನ ಅಂಗಡಿಯ ಸೇಲ್ಸ್‌ಮನ್ ಕೆಲಸಕ್ಕೆ ಆ ದಾರಿಯಲ್ಲಿ ಜಾಗವಿಲ್ಲ. ಆದರೆ ಹೈಸ್ಕೂಲ್ ಶಿಕ್ಷಕರಿಗೆ ಇದೆ. ಅಂದರೆ ಮದುವೆಗೆ ಮೊದಲು ಮಾಡಿ ಕಪಾಟಿನಲ್ಲಿ ಇಟ್ಟ ಹೆಂಡತಿಯ ಬಿ.ಎಡ್. ಸರ್ಟಿಫಿಕೇಟೇ ಇಡೀ ಸಂಸಾರದ ದಾರಿಯಾಗಬಹುದು. ನಮ್ಮ ಮನೆಗಳಿಗೆ ಇದು ಹೊಸ ಲೆಕ್ಕ. ಇದನ್ನು ಸರಿಯಾಗಿ ತಿಳಿದುಕೊಳ್ಳದೆ ಏಜೆಂಟರಿಗೆ ಲಕ್ಷಗಟ್ಟಲೆ ಕೊಡುವವರೂ ಇದ್ದಾರೆ, ಕೈಗೆ ಬರಬಹುದಾದುದನ್ನು ಬಿಟ್ಟು ಕೂತವರೂ ಇದ್ದಾರೆ. ಅದಕ್ಕೇ ಈ ವಾರ ಈ ವಿಷಯ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ವೀಸಾ ಅರ್ಜಿಗಿಂತ ಮುಂಚೆ ಓದಿನ ಪರೀಕ್ಷೆ ಇದೆ. ನಮ್ಮ ಪದವಿ ಅವರ ಶಿಕ್ಷಕರ ಪದವಿಗೆ ಸಮವೇ ಎಂದು ನೋಡುವ ಸಂಸ್ಥೆಯ ಹೆಸರು ಎಐಟಿಎಸ್‌ಎಲ್. ಅದು ಕೇಳುವುದು ಮುಖ್ಯವಾಗಿ ಮೂರು ವಿಷಯ. ಒಂದು, ವಿಶ್ವವಿದ್ಯಾಲಯ ಮಟ್ಟದಲ್ಲಿ ಒಟ್ಟು ಕನಿಷ್ಠ ನಾಲ್ಕು ವರ್ಷದ ಓದು, ಅದರಲ್ಲಿ ಕನಿಷ್ಠ ಒಂದು ವರ್ಷ ಶಿಕ್ಷಕ ತರಬೇತಿ. ಎರಡು, ಆ ತರಬೇತಿಯ ಭಾಗವಾಗಿ ಮೇಲ್ವಿಚಾರಣೆಯಲ್ಲಿ ಕನಿಷ್ಠ 45 ದಿನ ಶಾಲೆಯಲ್ಲಿ ಪಾಠ ಮಾಡಿರಬೇಕು. ಮೂರು, ಇಂಗ್ಲಿಷ್. ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯಲ್ಲಿ ಓದುವುದು, ಬರೆಯುವುದರಲ್ಲಿ 7, ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ 8.

ನಾಲ್ಕು ವರ್ಷದ ಲೆಕ್ಕ ನೋಡುವ. ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್ಸಿ., ಮೇಲೆ ಬಿ.ಎಡ್. ಹಿಂದೆ ಬಿ.ಎಡ್. ಒಂದು ವರ್ಷ ಇತ್ತು, ಎನ್‌ಸಿಟಿಇಯ 2014ರ ನಿಯಮಗಳ ನಂತರ 2015ರಿಂದ ಎರಡು ವರ್ಷ ಆಯಿತು. ಹಳಬರಿಗೂ ನಾಲ್ಕು ವರ್ಷ ಆಗುತ್ತದೆ, ಹೊಸಬರಿಗೆ ಐದು. ಆದರೆ ಟಿಸಿಎಚ್, ಡಿ.ಎಡ್. ಮಾಡಿದವರ ವಿಷಯ ಬೇರೆ. ಅದು ಪಿಯುಸಿ ನಂತರದ ಡಿಪ್ಲೊಮಾ, ವಿಶ್ವವಿದ್ಯಾಲಯದ ಪದವಿ ಅಲ್ಲ. ಪ್ರೈಮರಿ ಶಾಲೆಯಲ್ಲಿ ಹದಿನೈದು ವರ್ಷ ಒಳ್ಳೆಯ ಟೀಚರ್ ಆಗಿದ್ದವರೂ ಬರೀ ಡಿ.ಎಡ್. ನೆಚ್ಚಿಕೊಂಡು ಈ ದಾರಿಗೆ ಹೊರಡುವ ಹಾಗಿಲ್ಲ. ದರ್ಸ್‌ನಲ್ಲಿ ಕಲಿತ ವರ್ಷಗಳು, ಸನದು, ಮದ್ರಸದಲ್ಲಿ ಕಲಿಸಿದ ಅನುಭವ ಕೂಡ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಅದರದೇ ಬೆಲೆ ಇದೆ. ಈ ಕಚೇರಿ ತೂಗುವ ತಕ್ಕಡಿ ಮಾತ್ರ ಬೇರೆ. ಉಸ್ತಾದರುಗಳು ಏಜೆಂಟರ ಮಾತಿಗೆ ಮರುಳಾಗಬಾರದು ಎಂದು ಇದನ್ನು ಹೇಳುತ್ತಿದ್ದೇವೆ.

ಹೆಚ್ಚಿನವರು ಎಡವುವುದು 45 ದಿನದ ವಿಷಯದಲ್ಲಿ. ಬಿ.ಎಡ್. ಮಾಡುವಾಗ ಪ್ರಾಕ್ಟೀಸ್ ಟೀಚಿಂಗ್ ಎಲ್ಲರೂ ಮಾಡುತ್ತಾರೆ. ಈಗಿನ ಎರಡು ವರ್ಷದ ಕೋರ್ಸಿನಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ ಇದೆ, ದಿನಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಕಾಗದಕ್ಕೆ. ಎಷ್ಟು ದಿನ, ಯಾವ ತರಗತಿಯ ಮಕ್ಕಳಿಗೆ, ಯಾರ ಮೇಲ್ವಿಚಾರಣೆಯಲ್ಲಿ ಪಾಠ ಮಾಡಿದರು ಎಂದು ಕಾಲೇಜು ತನ್ನ ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಪ್ರಾಕ್ಟಿಕಲ್ ಅಂಕ ಇರುತ್ತದೆ, ದಿನಗಳ ಲೆಕ್ಕ ಇರುವುದಿಲ್ಲ. ಹತ್ತು ಹನ್ನೆರಡು ವರ್ಷ ಕಳೆದು ಕೇಳಲು ಹೋದರೆ ಆಗಿನ ಪ್ರಾಂಶುಪಾಲರು ನಿವೃತ್ತರು, ರಿಜಿಸ್ಟರ್ ಎಲ್ಲಿದೆ ಗೊತ್ತಿಲ್ಲ, ಕಾಲೇಜೇ ಮುಚ್ಚಿರಲೂಬಹುದು. ಮತ್ತೆ ಕೆಲವರು ಹೇಳುತ್ತಾರೆ, ನಾನು ಆಮೇಲೆ ಎಂಟು ವರ್ಷ ಶಾಲೆಯಲ್ಲಿ ಕಲಿಸಿದ್ದೇನಲ್ಲ, ಅದು ಸಾಲದಾ ಅಂತ. ಸಾಲದು. ನೌಕರಿಯ ಅನುಭವ ತರಬೇತಿಯ 45 ದಿನಕ್ಕೆ ಬದಲಿಯಲ್ಲ. ದೂರಶಿಕ್ಷಣದಲ್ಲಿ ಬಿ.ಎಡ್. ಮಾಡುವವರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ಸೇರುವ ಮೊದಲೇ ಪಾಠಾಭ್ಯಾಸ ಎಷ್ಟು ದಿನ, ಯಾರು ನೋಡುತ್ತಾರೆ, ಪತ್ರ ಯಾರು ಕೊಡುತ್ತಾರೆ ಎಂದು ಕೇಳಿ.

ತರಬೇತಿ ಪಡೆದ ತರಗತಿಗೂ ಆಮೇಲಿನ ಕೆಲಸಕ್ಕೂ ಹೊಂದಾಣಿಕೆ ಬೇಕು. ಗಲ್ಫ್‌ನ ಇಂಡಿಯನ್ ಸ್ಕೂಲ್‌ಗಳಲ್ಲಿ ನಮ್ಮ ಎಷ್ಟೋ ಸಹೋದರಿಯರು ಟೀಚರ್ ಆಗಿದ್ದಾರೆ. ಬಿ.ಎಡ್.ನಲ್ಲಿ ಎಂಟು, ಒಂಬತ್ತನೇ ತರಗತಿಗೆ ಗಣಿತ ಮಾಡಿದವರು ಸಿಕ್ಕಿದ ಕೆಲಸ ಬಿಡಬಾರದೆಂದು ಕೆ.ಜಿ.ಯಲ್ಲಿ ಆರು ವರ್ಷ ಕಳೆದಿರುತ್ತಾರೆ. ಓದು ಹೈಸ್ಕೂಲಿನದ್ದು, ಅನುಭವ ಕೆ.ಜಿ.ಯದ್ದು ಆದರೆ ಆ ಆರು ವರ್ಷಕ್ಕೆ ಅಂಕ ಸಿಗುವುದು ಕಷ್ಟ. ಸಂಬಳ ಕೈಯಲ್ಲಿ ಕೊಡುವ ಶಾಲೆಗಳಲ್ಲಿ ಕೆಲಸ ಮಾಡಿದವರದು ಇನ್ನೊಂದು ಪಾಡು. ನೇಮಕದ ಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ, ಬ್ಯಾಂಕಿನಲ್ಲಿ ಏನೂ ಕಾಣುವುದಿಲ್ಲ. ದುಡಿದದ್ದು ನಿಜ, ಸಾಕ್ಷಿ ಎಲ್ಲಿ? ಊರಿನ ಶಾಲೆಗಳ ಆಡಳಿತದವರೂ ಇದನ್ನು ಗಮನಿಸಬೇಕು. ಟೀಚರ್‌ಗಳಿಗೆ ಕೊಡುವ ಸಂಬಳ ಎಷ್ಟೇ ಇರಲಿ, ಅದು ಬ್ಯಾಂಕ್ ಖಾತೆಗೆ ಹೋಗಲಿ, ನೇಮಕದ ಪತ್ರವೂ ಕೈಗೆ ಸಿಗಲಿ. ಅದು ಅವರ ಹಕ್ಕು.

ಇನ್ನು ಅಂಕಗಳು. ಎಐಟಿಎಸ್‌ಎಲ್ ಒಪ್ಪಿದ ಮೇಲೆ ವೀಸಾದ ಅಂಕಗಳ ಪರೀಕ್ಷೆ. ಒಂದು ಲೆಕ್ಕ ಹಾಕಿ ನೋಡುವ. ವಯಸ್ಸು 34, ಪದವಿ ಇದೆ, ಕೆಲಸದ ಅನುಭವ ಐದು ವರ್ಷ, ಇಂಗ್ಲಿಷ್ ಎಲ್ಲದರಲ್ಲಿ 7ಕ್ಕೆ ಕಡಿಮೆ ಇಲ್ಲ. ವಯಸ್ಸಿಗೆ 25, ಪದವಿಗೆ 15, ವಿದೇಶದ ಅನುಭವಕ್ಕೆ 10, ಇಂಗ್ಲಿಷಿಗೆ 10, ಒಟ್ಟು 60. ಅರ್ಜಿಗೆ ಕನಿಷ್ಠ 65 ಬೇಕು. ಆ ಐದು ಎಲ್ಲಿಂದ? ಗಂಡ ಐಇಎಲ್‌ಟಿಎಸ್ ಬರೆದು ಎಲ್ಲದರಲ್ಲಿ 6 ತಂದರೆ ಐದು ಅಂಕ ಸೇರುತ್ತದೆ. ಒಂದು ರಾಜ್ಯ ನಾಮನಿರ್ದೇಶನ ಮಾಡಿದರೆ ಇನ್ನೈದು. 65 ಎಂದರೆ ಸಾಲಿನಲ್ಲಿ ನಿಂತಂತೆ ಅಷ್ಟೆ, ಕರೆ ಮೊದಲು ಬರುವುದು ಹೆಚ್ಚು ಅಂಕದವರಿಗೆ. 25ರಿಂದ 32 ವಯಸ್ಸಿನವರಿಗೆ ವಯಸ್ಸಿನ 30 ಅಂಕ, 33ರಿಂದ 39ಕ್ಕೆ 25, 40ರಿಂದ 44ಕ್ಕೆ 15. ನಲವತ್ತೈದು ತುಂಬಿದರೆ ಬಾಗಿಲು ಮುಚ್ಚಿತು. ಆದ್ದರಿಂದ ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡುವ ಎನ್ನುವ ಮಾತಿಗೆ ಇಲ್ಲಿ ಬೆಲೆ ತೆರಬೇಕಾಗುತ್ತದೆ.

ಓದಿನ ಮಾನ್ಯತೆ ಸಿಕ್ಕಿತೆಂದರೆ ಕೆಲಸ ಸಿಕ್ಕಿತು ಎಂದಲ್ಲ. ತರಗತಿಗೆ ಹೋಗಲು ಆಯಾ ರಾಜ್ಯದ ನೋಂದಣಿ ಬೇರೆಯೇ ಬೇಕು. ವಿಕ್ಟೋರಿಯದಲ್ಲಿ ಒಂದು ಸಂಸ್ಥೆ, ಕ್ವೀನ್ಸ್‌ಲ್ಯಾಂಡಿನಲ್ಲಿ ಇನ್ನೊಂದು. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆಯೂ ಇದೆ. ಇಂಗ್ಲೆಂಡಿನ ದಾರಿ ಇನ್ನೊಂದು ರೀತಿ. 2023ರಿಂದ ಅಲ್ಲಿ ಅರ್ಹ ಶಿಕ್ಷಕರ ಮಾನ್ಯತೆಗೆ ಭಾರತದ ಶಿಕ್ಷಕರೂ ಅರ್ಜಿ ಹಾಕಬಹುದು, ಆದರೆ ಅದು 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆ ಕಲಿಸುವವರಿಗೆ. ನಿಯಮಗಳು ಬದಲಾಗುತ್ತಾ ಇರುತ್ತವೆ. ಹಣ ಕಟ್ಟುವ ಮೊದಲು ಆಯಾ ಸಂಸ್ಥೆಯ ಸ್ವಂತ ವೆಬ್‌ಸೈಟ್‌ನಲ್ಲಿ ನೋಡಿಯೇ ಮುಂದುವರಿಯಿರಿ.

ಹೆಸರಿನ ವಿಷಯ ಚಿಕ್ಕದು ಅಂತ ಕಾಣುತ್ತದೆ, ನಮ್ಮ ಸಮುದಾಯಕ್ಕೆ ಅದು ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿಯಲ್ಲಿ ಆಯಿಶಾ ಬಿ., ಡಿಗ್ರಿಯಲ್ಲಿ ಆಯಿಷಾ ಬಾನು, ಪಾಸ್‌ಪೋರ್ಟಿನಲ್ಲಿ ಬಾಪನ ಹೆಸರು ಸೇರಿ ಇನ್ನೊಂದು. ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ಸ್ಪೆಲ್ಲಿಂಗ್. ಮುಹಮ್ಮದ್ ಎಂಬ ಒಂದೇ ಹೆಸರಿಗೆ ನಮ್ಮ ಕಾಗದಗಳಲ್ಲಿ ಎಷ್ಟು ರೂಪ! ಮೂರೂ ಒಬ್ಬರೇ ಎಂದು ಹೊರದೇಶದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಮಕ್ಕಳನ್ನು ಶಾಲೆಗೆ ಸೇರಿಸುವ ದಿನವೇ ಪೂರ್ತಿ ಹೆಸರು, ಒಂದೇ ಸ್ಪೆಲ್ಲಿಂಗ್ ಬರೆಸಿ. ಈಗಾಗಲೇ ವ್ಯತ್ಯಾಸ ಇದ್ದವರು ತಿದ್ದುಪಡಿಗೆ, ಅಫಿಡವಿಟ್‌ಗೆ ಈಗಲೇ ಹೊರಡಿ. ಜಮಾಅತ್ ಕೊಡುವ ನಿಕಾಹ್ ಪತ್ರದ ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿಯೂ ಇರಲಿ.

ಇಲ್ಲದ ಕಾಗದ ಹುಟ್ಟಿಸಿಕೊಡುವವರೂ ಪೇಟೆಯಲ್ಲಿದ್ದಾರೆ. ಕಲಿಸದ ಶಾಲೆಯ ಅನುಭವ ಪತ್ರ, ಮಾಡದ ಪಾಠದ ದಿನಗಳು. ಅದು ಸುಳ್ಳು ಸಾಕ್ಷಿ, ಅದರ ಹುಕುಂ ನಮಗೆಲ್ಲ ಗೊತ್ತು. ಲೋಕದ ಲೆಕ್ಕದಲ್ಲೂ ಅದು ನಷ್ಟವೇ. ನಕಲಿ ದಾಖಲೆ ಕೊಟ್ಟಿದ್ದು ಗೊತ್ತಾಗಿ ಆಸ್ಟ್ರೇಲಿಯಾ ವೀಸಾ ತಿರಸ್ಕರಿಸಿದರೆ ಆ ನಿಯಮ ಅನ್ವಯಿಸುವ ವೀಸಾಗಳು ಮೂರು ವರ್ಷ ಸಿಗುವುದಿಲ್ಲ. ಅರ್ಜಿಯಲ್ಲಿ ಜೊತೆಗಿದ್ದ ಕುಟುಂಬಕ್ಕೂ ಅದರ ಬಿಸಿ ತಟ್ಟುತ್ತದೆ. ನಲವತ್ತರ ಹತ್ತಿರ ಇರುವವರಿಗೆ ಮೂರು ವರ್ಷ ಎಂದರೆ ಏನು ಎಂದು ಮೇಲಿನ ಅಂಕಗಳೇ ಹೇಳುತ್ತವೆ. ಸಲಹೆ ಬೇಕಾದರೆ ಆ ದೇಶದ ನೋಂದಾಯಿತ ಏಜೆಂಟರ ಸಾರ್ವಜನಿಕ ಪಟ್ಟಿ ಇದೆ, ಅದರಲ್ಲಿ ಹೆಸರು ಉಂಟಾ ನೋಡಿ.

ಕೆಲವರು ಕೇಳಬಹುದು, ನಮ್ಮ ಕಲಿತ ಹೆಣ್ಣುಮಕ್ಕಳನ್ನೆಲ್ಲ ಹೊರಗೆ ಕಳಿಸಿದರೆ ಊರಿನ ಶಾಲೆಗೆ ಯಾರು? ನ್ಯಾಯವಾದ ಪ್ರಶ್ನೆ. ಎಲ್ಲರೂ ಹೋಗಿ ಎಂದು ನಾವು ಹೇಳುತ್ತಿಲ್ಲ, ಹೋಗುವವರು ಕೆಲವರೇ. ಆದರೆ ಇದೇ ಕಾಗದ, ಇದೇ ಅನುಭವ ಊರಲ್ಲೂ ಬೇಕು. ಸರಕಾರಿ ಹೈಸ್ಕೂಲ್ ಹುದ್ದೆಗೆ ಬಿ.ಎಡ್. ಬೇಕು, ಎಂಟನೇ ತರಗತಿವರೆಗಿನ ಹುದ್ದೆಗೆ ಟಿಇಟಿಯೂ ಬೇಕು. ಮೌಲಾನಾ ಆಝಾದ್ ಮಾದರಿ ಶಾಲೆಗಳಲ್ಲಿ ನಮ್ಮ ಮಕ್ಕಳೇ ಓದುತ್ತಿದ್ದಾರೆ, ಅಲ್ಲಿ ನಮ್ಮ ಟೀಚರ್‌ಗಳು ಯಾಕೆ ಇರಬಾರದು? ಓದನ್ನು ಹಾಗೆಯೇ ಬಿಟ್ಟರೆ ಊರಿಗೂ ಇಲ್ಲ, ಪರದೇಶಕ್ಕೂ ಇಲ್ಲ.

ನಿಜವಾದ ತೊಡಕು ಆಸ್ಟ್ರೇಲಿಯಾದ ಕಚೇರಿಯಲ್ಲಿ ಇಲ್ಲ, ನಮ್ಮ ಮನೆಯ ಚಾವಡಿಯಲ್ಲಿದೆ. ಹುಡುಗಿ ಬಿ.ಎಡ್. ಮಾಡಿದ್ದಾಳೆ ಎಂದು ಸಂಬಂಧ ಕೇಳುವಾಗ ಹೇಳಿಕೊಳ್ಳುತ್ತೇವೆ. ನಿಕಾಹ್ ಆದ ಮೇಲೆ ಡಿಗ್ರಿ ಆಯಿತಲ್ಲ, ಇನ್ನು ಸಾಕು ಎನ್ನುತ್ತೇವೆ. ಅವಳ ಇಂಗ್ಲಿಷ್ ಮಾತಿನ ಅಭ್ಯಾಸ ಹೋಗುತ್ತದೆ, ಅನುಭವ ಸೊನ್ನೆ ಆಗುತ್ತದೆ, ವಯಸ್ಸಿನ ಅಂಕ ಇಳಿಯುತ್ತದೆ. ಆಮೇಲೆ ಗಂಡನ ಇಕಾಮಾ ಹೋದ ದಿನ ಅವಳ ಸರ್ಟಿಫಿಕೇಟು ಹುಡುಕುತ್ತೇವೆ. ಬಾಯಾರಿದಾಗ ಬಾವಿ ತೋಡುವುದು ಎಂದರೆ ಇದೇ.

ಬಿ.ಎಡ್. ಓದುತ್ತಿರುವ ಮಗಳಿದ್ದರೆ ಕೋರ್ಸು ಮುಗಿಯುವ ತಿಂಗಳೇ ಪಾಠಾಭ್ಯಾಸದ ದಿನಗಳ ಪತ್ರ ತೆಗೆದಿಡಲು ಹೇಳಿ. ಸೊಸೆ ಶಾಲೆಗೆ ಹೋಗಬಯಸಿದರೆ ಮಗುವನ್ನು ನೋಡಿಕೊಳ್ಳಲು ಅತ್ತೆ, ಮಾವ, ಗಂಡ ಕೈ ಸೇರಿಸಲಿ. ನಮ್ಮವರು ನಡೆಸುವ ಬಿ.ಎಡ್. ಕಾಲೇಜುಗಳು ಕೇಳುವ ಮೊದಲೇ ಆ ಪತ್ರವನ್ನು ಮಾರ್ಕ್ಸ್ ಕಾರ್ಡಿನ ಜೊತೆ ಕೊಡುವ ಕ್ರಮ ಮಾಡಲಿ, ಹಳೆಯ ರಿಜಿಸ್ಟರ್‌ಗಳನ್ನು ಜೋಪಾನವಾಗಿ ಇಡಲಿ. ಜಮಾಅತ್ ಕಮಿಟಿಗಳು ಹೆಸರಿನ ತಿದ್ದುಪಡಿ, ಮದುವೆಯ ನೋಂದಣಿಗೆ ತಿಂಗಳಿಗೊಂದು ದಿನ ಗೊತ್ತಿದ್ದವರನ್ನು ಕೂರಿಸಿ ಸಹಾಯ ಮಾಡಲಿ. ಇದಕ್ಕೆ ದೊಡ್ಡ ಖರ್ಚು ಇಲ್ಲ, ಮನಸ್ಸು ಬೇಕು. ಮಗಳ ಓದು ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಕಪಾಟಿನಲ್ಲಿ ಇಟ್ಟು ಮರೆಯುವುದು ಸರಿಯಲ್ಲ.