ಬಾಡಿಗಿ ಏರಸೋರು ಯಾರು? ನಾವ!

ಅಕ್ಕಾರ, ವೈನ್ಯಾರ, ಈ ಸಲ ರೊಟ್ಟಿ-ಪಲ್ಯದ ಮಾತಲ್ಲ, ಬಾಡಿಗಿ ಮಾತು. ಓದಿ ಸಿಟ್ಟು ಬಂದ್ರ ಸಂಜಿಮುಂದ ಕಟ್ಟಿಗೆ ಬಂದು ಬೈರಿ, ಚಾ ಮಾಡಿ ಕೊಡ್ತೀನಿ.

ನಮ್ಮ ಇಳಕಲ್ಲಿನ್ಯಾಗ ಬಾಡಿಗಿ ಮನಿ ದುಬಾರಿ ಆಗ್ಯಾವ ಅಂತ ಎಲ್ಲಾರೂ ಅಂತೀವಿ. ಯಾಕ ಅಂದ್ರ "ರೇಟ್ ಹಂಗ ನಡದೈತಿ" ಅಂತೀವಿ. ಅದಕ್ಕೇನು ಕಾಲು ಅದಾವೇನ್ರಿ, ತಾನ ನಡ್ಯಾಕ? ಬೆಂಗಳೂರಾಗಾದ್ರ ಬ್ರೋಕರ್ ಇರ್ತಾನ, ಕಂಪನಿ ಇರ್ತಾವ. ನಮ್ಮ ಓಣ್ಯಾಗ ಯಾರದಾರ? ಹಿತ್ತಲದಾಗ ಎರಡು ಖೋಲಿ ಕಟ್ಟಿಸಿದ ನಾನು, ಮ್ಯಾಲ ಮೂರು ಖೋಲಿ ಏರಿಸಿದ ನೀವು. ನಳದ ಮುಂದ ಕೊಡಾ ಹಿಡಕೊಂಡು ನಿಂತಾಗ ಒಬ್ಬಾಕಿ "ನಾ ನಾಕು ಸಾವಿರಕ್ಕ ಕೊಟ್ಟೀನಿ" ಅಂತಾಳ. ಮರುದಿನ ಇನ್ನೊಬ್ಬಾಕಿ ತನ್ನ ಮೂರುವರಿ ಸಾವಿರದ ಮನಿಗೆ ನಾಕು ಹೇಳ್ತಾಳ. ಆತಲ್ಲ, ರೇಟ್ ನಡೀತು!

ನಾನೂ ಮಾಡೀನಿ, ಮುಚ್ಚಿಡಂಗಿಲ್ಲ. ನಮ್ಮ ಹಿತ್ತಲ ಖೋಲಿಗೆ ನೇಕಾರ ಗಂಡ-ಹೆಂಡತಿ, ಎರಡು ಮಕ್ಕಳು ಬಂದಿದ್ರು. "ಅಕ್ಕಾರ, ಒಂದು ಕುಣಿ ಮಗ್ಗ ಹಾಕೋತೀವಿ" ಅಂತ ಕೇಳಿದ್ರು. "ನನ್ನ ನೆಲ ಅಗಿಯಂಗಿಲ್ಲ" ಅಂದೆ. ಅವಾ ಮಂದಿ ಮನಿ ಮಗ್ಗಕ್ಕ ಕೂಲಿಗೆ ಹೋದ. ಆಕಿ ಕಂಡಿಕಿ ಸುತ್ತತಿದ್ಲು. 2023ರ ಆಗಸ್ಟ್‌ದಾಗ ಗೃಹಲಕ್ಷ್ಮಿ ಚಾಲೂ ಆತು. ದೀಪಾವಳಿ ಆದಮ್ಯಾಲ ನಾ ಆಕಿಗೆ, "ನಿನಗ ತಿಂಗಳಿಗೆ ಎರಡು ಸಾವಿರ ಬರ್ತಾವಲ್ಲವಾ, ಇನ್ನ ಐನೂರು ಹೆಚ್ಚಿಗಿ ಕೊಡು" ಅಂದೆ. ಆಕಿ ಏನೂ ಅನ್ನಲಿಲ್ಲ, ನೆಲ ನೋಡಿದ್ಲು. ಎರಡು ತಿಂಗಳಿಗೆ ಮನಿ ಬಿಟ್ಟು ಊರ ಹೊರಗಿನ ತಗಡಿನ ಖೋಲಿಗೆ ಹೋದ್ರು. ಸಣ್ಣ ಮಗಳಿಗೆ ಸಾಲಿ ದೂರ ಆತು.

ಸರಕಾರ ಹೆಣಮಗಳ ಕೈಗೆ ಅಂತ ಕೊಟ್ಟ ರೊಕ್ಕಾ, ನಾ ಹೆಣಮಗಳಾಗಿ ನಿಂತು ಕಸಗೊಳ್ಳಾಕ ಹೋದೆ. ಇದಕ್ಕ ಏನಂತೀರಿ?

ಲೆಕ್ಕಾನರ ಕೂಡಿ ಬಂತೇನು? ಖೋಲಿ ಮೂರು ತಿಂಗಳು ಖಾಲಿ ಬಿತ್ತು. ಮೂರುವರಿ ಸಾವಿರದಂಗ 10,500 ಹೋತು. ಐನೂರರಂಗ ಅದನ್ನ ತುಂಬಾಕ 21 ತಿಂಗಳು ಬೇಕು!

"ನಮಗೂ ಸಾಲ ಐತಿ, ಮನಿ ತೆರಿಗಿ ಐತಿ, ಬಣ್ಣ ಹಚ್ಚಬೇಕು" ಅಂತೀರಿ. ಖರೆ. ಬಾಡಿಗಿ ಏರಸಲೇಬ್ಯಾಡ್ರಿ ಅನ್ನಂಗಿಲ್ಲ. ಆದ್ರ ಅದಕ್ಕ ಒಂದು ಪದ್ಧತಿ ಇರಲಿ. 2021ರಾಗ ಕೇಂದ್ರ ಸರಕಾರ ಮಾದರಿ ಬಾಡಿಗಿ ಕಾಯ್ದೆ ತಂತು. ವಾಸದ ಮನಿಗೆ ಡಿಪಾಜಿಟ್ ಎರಡು ತಿಂಗಳ ಬಾಡಿಗಿಗಿಂತ ಹೆಚ್ಚು ತಗೋಬಾರದು, ಕರಾರಿನ್ಯಾಗ ಮೊದಲ ಬರೀದಿದ್ರ ಬಾಡಿಗಿ ಏರಸಾಕ ಮೂರು ತಿಂಗಳು ಮುಂಚೆ ಬರದು ತಿಳಸಬೇಕು ಅಂತ ಅದರಾಗೈತಿ. ರಾಜ್ಯದವರು ತಮ್ಮ ಕಾಯ್ದೆ ಮಾಡಿಕೊಂಡ್ರಷ್ಟ ಅದು ಜಾರಿ ಆಗತೈತಿ. ಆದ್ರ ಮನಶ್ಯಾರಂಗ ನಡಕೊಳ್ಳಾಕ ಕಾಯ್ದೆ ದಾರಿ ಕಾಯಬೇಕೇನು?

ಇನ್ನ ಕರೆಂಟಿನ ಮಾತು. ಗೃಹಜ್ಯೋತಿ ಬಾಡಿಗಿಯವರಿಗೂ ಐತಿ, ಆದ್ರ ಅವರ ಖೋಲಿಗೆ ಬ್ಯಾರೆ ಮೀಟರ್ ಬೇಕು. ನಾವು ಒಂದ ಮೀಟರಿನ್ಯಾಗ ಎಲ್ಲಾ ಖೋಲಿಗೆ ವೈರ್ ಎಳದೀವಿ. ನಮ್ಮ ಬಿಲ್ಲು ಸೊನ್ನಿ ಬಂದ ತಿಂಗಳದಾಗೂ ಅವರ ಕಡೆ ಯೂನಿಟ್ ಲೆಕ್ಕ ಹಾಕಿ ರೊಕ್ಕಾ ಇಸಗೋತೀವಿ. ಪುಕ್ಕಟ ಬಂದದ್ದನ್ನ ಬಡವರಿಗೆ ಮಾರೂದು ಯಾವ ಧರ್ಮಾರಿ?

ಕಡೀ ಮಾತು ನೇಕಾರರದು. ಮದುವಿ ಬಂದ್ರ "ಖರೆ ಕೈಮಗ್ಗದ ಸೀರಿ ಸಿಗವೊಲ್ದು, ಬರೇ ಪಾವರ್‌ಲೂಮಿಂದ" ಅಂತ ಅಂಗಡ್ಯಾಗ ಕುಂತು ಹಲಬತೀವಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನ ಎಳಿ ಎಳಿಗೆ ಕೊಂಡಿ ಹಾಕಿ ಜೋಡಸಾಕ ಮನಿಮಂದೆಲ್ಲಾ ಕೂಡಬೇಕು. ಮಗ್ಗ ಮನ್ಯಾಗ ಇದ್ರ ಹೆಂಗಸು ಒಲಿ ನೋಡಕೋತ, ಮಕ್ಕಳನ್ನ ನೋಡಕೋತ ಕೆಲಸಕ್ಕ ಕೈ ಹಚ್ಚತಾಳ. ಆ ಮಗ್ಗಕ್ಕ ಒಂದು ಕುಣಿ ಜಾಗಾ ನಾವ ಕೊಡವಲ್ಲಿವಿ. ಹಂಗಂದಮ್ಯಾಲ ಸೀರಿ ಎಲ್ಲಿಂದ ಬರಬೇಕು?

ನಾ ಈಗ ಮಾಡಿದ್ದು ಹೇಳ್ತೀನಿ. ಡಿಪಾಜಿಟ್ ಎರಡು ತಿಂಗಳದ್ದಷ್ಟ. ಬಾಡಿಗಿ ವರ್ಷಕ್ಕ ಒಮ್ಮೆ, ಎಷ್ಟು ಏರತೈತಿ ಅಂತ ಮೊದಲ ಕರಾರಿನ್ಯಾಗ ಬರದು. ಖೋಲಿಗೆ ಬ್ಯಾರೆ ಮೀಟರ್ ಹಾಕಿಸೀನಿ. ಮಗ್ಗ ಹಾಕೋರಿದ್ರ ಹಾಕ್ಲಿ, ಬಿಟ್ಟು ಹೋಗುಮುಂದ ಮಣ್ಣು ತುಂಬಿ ನೆಲ ಸಾಪ ಮಾಡಿ ಕೊಟ್ರ ಸಾಕು. ಅಷ್ಟಕ್ಕ ಮನಿ ಬೀಳಂಗಿಲ್ಲ.

ಆಕಿನ್ನ ಹುಡಿಕ್ಕೊಂಡು ಹೋಗಿದ್ದೆ. "ಇಲ್ಲೇ ಹೊಂದಿಕೊಂಡೀವಿ ಅಕ್ಕಾರ" ಅಂದ್ಲು, ಚಾ ಕೊಟ್ಲು. ಬರಲಿಲ್ಲ. ನೀವು ನಿಮ್ಮ ಖೋಲ್ಯಾಗ ಇರಾಕಿ ಹೋಗೂದರೊಳಗ ವಿಚಾರ ಮಾಡ್ರಿ. ನಾಳೆ ನಳದ ಮುಂದ ಯಾರರ ರೇಟ್ ಹೇಳಿದ್ರ, "ನಂದು ಹಳೇ ರೇಟ ಐತಿ" ಅಂತ ಜೋರಾಗಿ ಹೇಳ್ರಿ. ಅದೂ ಊರೆಲ್ಲಾ ನಡೀತೈತಿ, ನೋಡ್ರಿ.