ಯಂತ್ರದ ಆಟದಲ್ಲಿ ಕಥೆಯುಂಟೆ?

ದಾವಣಗೆರೆಯಲ್ಲಿ ಸಾಹಿತ್ಯಾಭಿಮಾನಿಗಳು ಸೇರಿದ ಎಡೆಗಳಲ್ಲೆಲ್ಲ ಇತ್ತೀಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: “ಹುಡುಗರು ಪುಸ್ತಕ ಬಿಟ್ಟರು, ವಿಡಿಯೋ ಗೇಮು ಹಿಡಿದರು, ಇನ್ನು ಕಥೆಗೆ ಗತಿಯಿಲ್ಲ.” ಹೀಗೆನ್ನುವವರಲ್ಲಿ ಬಹುಮಂದಿ ಅಂಥ ಒಂದು ಆಟವನ್ನಾದರೂ ಆದಿಯಿಂದ ಅಂತ್ಯದವರೆಗೆ ನೋಡಿದವರಲ್ಲ. ಆರೋಪಿಯ ಹೇಳಿಕೆಯನ್ನು ಕೇಳದೆ ದಂಡನೆ ವಿಧಿಸುವ ನ್ಯಾಯಾಧಿಪತಿಯನ್ನು ಯಾರೂ ಮೆಚ್ಚರು. ಸಾಹಿತ್ಯದ ನ್ಯಾಯಸ್ಥಾನಕ್ಕೆ ಮಾತ್ರ ಬೇರೆ ಧರ್ಮವುಂಟೆ?

ಆದುದರಿಂದ ಮೊದಲು ಹೇಳಿಕೆಯನ್ನು ಕೇಳತಕ್ಕದ್ದು. ಹರಿಹರದಿಂದ ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ತರುಣನೊಬ್ಬನು ಕಥೆಯುಳ್ಳ ಆಟಗಳನ್ನು ಮಾತ್ರ ಆರಿಸಿ ಆಡುವವನು. ಬರಿಯ ಗುಂಡು ಹಾರಿಸುವ ಪಂದ್ಯಗಳಲ್ಲಿ ಅವನಿಗೆ ರುಚಿಯಿಲ್ಲ. ಕಳೆದೊಂದು ವರ್ಷದಲ್ಲಿ ಐದು ಆಟಗಳನ್ನು ಮುಗಿಸಿದ್ದ ಅವನು, ಅವುಗಳ ಗುಣದೋಷಗಳನ್ನು ಹಿರಿಯರ ಗೋಷ್ಠಿಯೊಂದರಲ್ಲಿ ಹೇಳತೊಡಗಿದನು. ಅಲ್ಲಿದ್ದ ಒಬ್ಬರು, “ತಮ್ಮಾ, ಇವೆಲ್ಲ ಆಟಿಕೆ. ಇದರಲ್ಲಿ ವಿಮರ್ಶೆ ಮಾಡುವುದೇನಿದೆ?” ಎಂದು ನಕ್ಕರು. ಹುಡುಗನು “ಆಯ್ತು ಸರ್” ಎಂದು ಕುಳಿತನು. ಆ ನಗೆಯಿಂದ ಹುಡುಗನಿಗಿಂತ ಕನ್ನಡಕ್ಕೆ ಆದ ನಷ್ಟವೇ ಹೆಚ್ಚಿನದು.

“ಆಟಿಕೆ” ಎಂಬುದನ್ನು ನಿಂದೆಯೆಂದು ಭಾವಿಸುವವರು ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ನೋಡಬೇಕು. ದೇವತೆಗಳು ಬ್ರಹ್ಮನಲ್ಲಿಗೆ ಹೋಗಿ ಬೇಡಿದ್ದೇನು? ಧರ್ಮಗ್ರಂಥವನ್ನಲ್ಲ, ಕಣ್ಣಿಗೂ ಕಿವಿಗೂ ಒಪ್ಪುವ ಒಂದು “ಕ್ರೀಡನೀಯಕ”ವನ್ನು, ಎಂದರೆ ಆಟದ ವಸ್ತುವನ್ನು. ಪಂಚಮವೇದವೆನಿಸಿದ ನಾಟ್ಯವು ಹುಟ್ಟಿದ್ದು ಆ ಬೇಡಿಕೆಯಿಂದ. ಆಟಿಕೆಯೆಂಬ ಕಾರಣಕ್ಕೆ ತಳ್ಳಿಹಾಕುವುದಾದರೆ ಮೊದಲು ತಳ್ಳಬೇಕಾದುದು ಶಾಕುಂತಲವನ್ನೇ.

ದಾವಣಗೆರೆಗಂತೂ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಚಿಂದೋಡಿ ಮನೆತನದವರ ಕೆ. ಬಿ. ಆರ್. ಡ್ರಾಮಾ ಕಂಪನಿ ಈ ಊರಿನದು. ಕಂಪನಿಯ ನಾಟಕ ನೋಡಿದರೆ ಮಕ್ಕಳು ಕೆಡುವರೆಂದು ಬಾಗಿಲು ಮುಚ್ಚಿದ ಮನೆಗಳು ಒಂದು ಕಾಲದಲ್ಲಿ ಎಷ್ಟಿರಲಿಲ್ಲ? ಆ ಕಂಪನಿಯ ಚಿಂದೋಡಿ ಲೀಲಾ ಅವರಿಗೆ ತರುವಾಯ ಪದ್ಮಶ್ರೀ ಬಂದಾಗ ಊರೇ ಹಿಗ್ಗಿತು. ತಂದೆಯರು ಮಾಡಿದ ತಪ್ಪನ್ನು ಮಕ್ಕಳು ಮತ್ತೊಂದು ಕಲೆಯ ವಿಷಯದಲ್ಲಿ ಮಾಡುವುದು ಯಾವ ವಿವೇಕ?

ಇನ್ನು ತರುಣನ ಅಭಿಪ್ರಾಯಗಳು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬವರು 2020ರಲ್ಲಿ ಹೊರತಂದ “ರಾಜಿ” ಎಂಬ ಆಟದಲ್ಲಿ ಹುಡುಗಿಯೊಬ್ಬಳು ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ದುರ್ಗೆಯೂ ವಿಷ್ಣುವೂ ಸೂತ್ರಧಾರರಂತೆ ಮಾತಾಡಿಕೊಳ್ಳುತ್ತ ಕಥೆಯನ್ನು ನಡೆಸುತ್ತಾರೆ. ತರುಣನು ಇದರ ಚಿತ್ರಸೌಂದರ್ಯವನ್ನು ಹೊಗಳಿ, “ಆದರೆ ಕೊನೆಯು ಕೊನೆಯಂತಿಲ್ಲ, ಮುಂದೆ ಏನೋ ಇರಬೇಕು ಎನ್ನುವಾಗ ಮುಗಿದೇ ಹೋಗುತ್ತದೆ” ಎಂದನು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಪಂಚಸಂಧಿಗಳ ಹೆಸರನ್ನೂ ಕೇಳದ ಬಾಲಕನು ನಿರ್ವಹಣಸಂಧಿಯ ಲೋಪವನ್ನು ತಾನಾಗಿಯೇ ಕಂಡುಕೊಂಡನು. ಇದು ವಿಮರ್ಶೆಯಲ್ಲದಿದ್ದರೆ ವಿಮರ್ಶೆ ಯಾವುದು?

“ರೆಡ್ ಡೆಡ್ ರಿಡೆಂಪ್ಶನ್ 2” ಎಂಬುದು 2018ರ ಆಟ. 1899ರ ಅಮೆರಿಕಾದ ದರೋಡೆಕಾರರ ಕಥೆ. ನಾಯಕನಾದ ಆರ್ಥರ್ ಮಾರ್ಗನ್ ಎಂಬವನು ಸಾಲದ ವಸೂಲಿಗೆ ಹೋಗಿ ರೋಗಿಯಾದ ಒಬ್ಬ ಬಡವನನ್ನು ಹೊಡೆಯುತ್ತಾನೆ. ಆ ಬಡವನ ಕ್ಷಯವೇ ಇವನಿಗೆ ತಗುಲಿ ಇವನನ್ನು ಕೊಲ್ಲುತ್ತದೆ. ಹೊಡೆದ ಕೈಯೇ ರೋಗವನ್ನು ತಂದುಕೊಂಡಿತೆಂಬ ಈ ಕಲ್ಪನೆಯನ್ನು ತರುಣನು ಬಹುವಾಗಿ ಮೆಚ್ಚಿದನು. ಆದರೆ ಒಂದು ದೋಷವನ್ನೂ ಹೇಳಿದನು: ಕಥೆಯಲ್ಲಿ ನಾಯಕನು ಪಶ್ಚಾತ್ತಾಪದಿಂದ ಬೇಯುತ್ತಿರುವಾಗ, ಆಟದಲ್ಲಿ ಅವನ ಕೈಯಿಂದ ಹೆಣಗಳು ಉರುಳುತ್ತಲೇ ಇರುತ್ತವೆ; ಮಾನವನ್ನು ಅಳೆಯುವ ಒಂದು ಮಾಪಕವಿದೆ, ದಾರಿಹೋಕರಿಗೆ ನಾಲ್ಕು ನಮಸ್ಕಾರ ಹೇಳಿದರೆ ಅದು ಏರುತ್ತದೆ! ಅನೌಚಿತ್ಯಕ್ಕಿಂತ ಬೇರೆಯಾದ ರಸಭಂಗಕಾರಣವಿಲ್ಲವೆಂದು ಆನಂದವರ್ಧನನು ಸಾರಿದನು. ಕ್ಷೇಮೇಂದ್ರನು ಔಚಿತ್ಯವೊಂದನ್ನೇ ಹಿಡಿದು ಗ್ರಂಥ ಬರೆದನು. ಕಾಶ್ಮೀರದ ಪಂಡಿತರು ಸಾವಿರ ವರ್ಷಗಳ ಹಿಂದೆ ಹೇಳಿದ್ದನ್ನೇ ಹರಿಹರದ ಹುಡುಗನು ತಿಳಿಯದೆಯೇ ಹೇಳಿದನು.

ಮೂರನೆಯದು 2020ರ “ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2”. ತಂದೆಯಂತಿದ್ದವನನ್ನು ಕೊಂದವಳ ಮೇಲೆ ಸೇಡು ತೀರಿಸಲು ಎಲ್ಲಿ ಎಂಬ ಯುವತಿ ಹೊರಡುತ್ತಾಳೆ. ಆಡುವವನು ಅವಳಾಗಿ ಅರ್ಧದಾರಿ ನಡೆಯುತ್ತಾನೆ. ಅಲ್ಲಿ ಆಟವು ಅವನ ಕೈಯನ್ನು ಹಿಡಿದು ಶತ್ರುವಿನ ಪಕ್ಷದಲ್ಲಿ ನಿಲ್ಲಿಸುತ್ತದೆ. ಆ ಕೊಂದವಳಾದ ಆ್ಯಬಿಯ ತಂದೆಯನ್ನು ಹಿಂದೆ ಕೊಂದವನು ಇವನೇ ಎಂಬುದು ತಿಳಿಯುತ್ತದೆ. ತರುಣನು ಕೋಪದಿಂದ ಎರಡು ದಿನ ಆಟವನ್ನು ಮುಟ್ಟಲಿಲ್ಲವಂತೆ; ಮೂರನೆಯ ದಿನ ಮತ್ತೆ ಕುಳಿತು, ಮುಗಿಸುವಾಗ ಯಾರು ಗೆಲ್ಲಬೇಕೆಂಬುದೇ ಅವನಿಗೆ ತೋಚಲಿಲ್ಲ. ಪಂಪನು ಕರ್ಣನನ್ನೂ ರನ್ನನು ದುರ್ಯೋಧನನನ್ನೂ ಕನ್ನಡಿಗರ ಹೃದಯದಲ್ಲಿ ನೆಲೆಗೊಳಿಸಿದ್ದು ಇಂಥ ಉಪಾಯದಿಂದಲೇ ಅಲ್ಲವೆ?

ಚೀನಾದವರ “ಬ್ಲ್ಯಾಕ್ ಮಿಥ್: ವುಕಾಂಗ್” 2024ರ ಆಗಸ್ಟಿನಲ್ಲಿ ಹೊರಬಂದು ಮೂರೇ ದಿನಗಳಲ್ಲಿ 1 ಕೋಟಿ ಪ್ರತಿಗಳು ಮಾರಿದುವು. ಇಂಡಿಯಾಕ್ಕೆ ಯಾತ್ರೆ ಬಂದ ಹ್ಯೂಯೆನ್‌ತ್ಸಾಂಗನನ್ನೂ ಅವನ ಕಪಿಶಿಷ್ಯನನ್ನೂ ಕುರಿತ 16ನೆಯ ಶತಮಾನದ ಕಾದಂಬರಿಯೇ ಇದಕ್ಕೆ ಮೂಲ. ಮೂಲವನ್ನರಿಯದವನಿಗೆ ಆಟವು ಅರ್ಧ ಅರ್ಥವಾಗದು ಎಂಬುದು ತರುಣನ ಆಕ್ಷೇಪ. ಆದರೆ ಆ ಕೊರತೆಯನ್ನು ತುಂಬಿಕೊಳ್ಳಲು ಅವನು ಮಾಡಿದ್ದೇನು? ಆ ಕಾದಂಬರಿಯ ಅನುವಾದವನ್ನು ತರಿಸಿ ಓದಿದನು. “ಹುಡುಗರು ಪುಸ್ತಕ ಬಿಟ್ಟರು” ಎಂಬುವರು ಇದಕ್ಕೆ ಏನೆನ್ನುವರು?

ಇಲ್ಲಿ ಪೂರ್ವಪಕ್ಷಿಗಳು ಏಳುವರು: ಇದು ವ್ಯಸನ, ಇದು ಜೂಜು. ವ್ಯಸನವುಂಟು, ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಆದರೆ ಆ ಪಟ್ಟಿಯಲ್ಲಿ ಲಕ್ಷಣವನ್ನೂ ಹೇಳಿದೆ: ತನ್ನ ಮೇಲೆ ಹಿಡಿತ ತಪ್ಪಿರಬೇಕು, ಉಳಿದ ಕೆಲಸಗಳೆಲ್ಲ ಹಿಂದಾಗಿರಬೇಕು, ಹಾನಿಯಾದರೂ ಬಿಡಲಾರದಿರಬೇಕು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆದಿರಬೇಕು. ಲಕ್ಷಣವನ್ನು ನೋಡದೆ ಆಡುವವರೆಲ್ಲ ರೋಗಿಗಳೆಂದರೆ ಅದು ಅತಿವ್ಯಾಪ್ತಿದೋಷ. ಜೂಜಿನ ಮಾತಾದರೋ, ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾನೂನೇ ಹಣವನ್ನು ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಉಳಿದ ಆಟಗಳನ್ನು ಅವುಗಳಿಂದ ಬೇರೆಯಾಗಿಟ್ಟಿತು. ದ್ಯೂತಕ್ಕೂ ಕ್ರೀಡೆಗೂ ಇರುವ ಭೇದವನ್ನು ಕಾನೂನು ಅರಿತಿರುವಾಗ ಸಾಹಿತ್ಯಜ್ಞರು ಅರಿಯದಿರುವುದು ಶೋಭೆಯಲ್ಲ.

ಹಾಗೆಂದು ತರುಣನು ಹೇಳಿದ್ದೆಲ್ಲ ವೇದವಾಕ್ಯವಲ್ಲ. “ಕಾದಂಬರಿಯಲ್ಲಿ ಓದುಗನು ಕೈಕಟ್ಟಿ ಕೂತಿರಬೇಕು, ಆಟದಲ್ಲಿ ಅವನಿಗೆ ಸ್ವಾತಂತ್ರ್ಯವಿದೆ, ಆದುದರಿಂದ ಆಟವೇ ಮೇಲು” ಎಂದು ಅವನು ಸಿದ್ಧಾಂತಮಾಡಿದನು. ಈ ಸಿದ್ಧಾಂತವನ್ನು ಅವನ ಉದಾಹರಣೆಯೇ ಖಂಡಿಸುತ್ತದೆ. ಅವನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಸೇಡಿನ ಕಥೆಯಲ್ಲಿ ಅವನಿಗಿದ್ದ ಸ್ವಾತಂತ್ರ್ಯವೆಷ್ಟು? ಕಥೆಯನ್ನು ತಿರುಗಿಸುವ ಆಯ್ಕೆ ಒಂದೂ ಇಲ್ಲ. ಬೇಡವೆಂದರೂ ಮಾಡಬೇಕು, ಅದರಿಂದಲೇ ಅವನ ಮನಸ್ಸು ಮರುಗಿತು. ಸ್ವಾತಂತ್ರ್ಯವಿದ್ದ ದರೋಡೆಕಾರನ ಕಥೆಯಲ್ಲಿಯೇ ಅವನು ದೋಷ ಕಂಡದ್ದು. ಹಾಗಾದರೆ ಗುಣವಿರುವುದು ಸ್ವಾತಂತ್ರ್ಯದಲ್ಲಲ್ಲ. ಕೈ ಮಾಡುವ ಕೆಲಸವೂ ಕಥೆ ಹೇಳುವ ಅರ್ಥವೂ ಒಂದಾಗುವುದರಲ್ಲಿ. ಅವನ ಊರಿನ ದೇವಸ್ಥಾನದಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯೊಳಗೆ ಹರಿಯೂ ಹರನೂ ಅರ್ಧರ್ಧವಾಗಿ ಒಂದೇ ಮೂರ್ತಿಯಾಗಿರುವರು. ಆಟವೂ ಕಥೆಯೂ ಹಾಗೆ ಸೇರಿದರೆ ಕಲೆ. ಸೇರದಿದ್ದರೆ ಪಕ್ಕದಲ್ಲಿಟ್ಟ ಎರಡು ಕಲ್ಲು.

ಐದನೆಯ ಆಟವೇ ಮುಖ್ಯವಾದುದು. ಟೊರಾಂಟೊ ನಗರದ ವಿಸೈ ಗೇಮ್ಸ್ ಎಂಬ ಚಿಕ್ಕ ತಂಡವು 2023ರಲ್ಲಿ ತಂದ “ವೆಣ್ಬಾ”. ತಮಿಳಿನ ಒಂದು ಛಂದಸ್ಸಿನ ಹೆಸರೇ ಕಥಾನಾಯಿಕೆಯ ಹೆಸರು. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆಹೋದ ತಮಿಳು ಸಂಸಾರದ ಕಥೆಯಿದು. ತಾಯಿಮನೆಯಿಂದ ತಂದ ಅಡುಗೆಯ ಪುಸ್ತಕವು ಹರಿದು ಮಾಸಿದೆ. ಅಳಿದ ಸಾಲುಗಳನ್ನು ಊಹಿಸಿ ಇಡ್ಲಿ ಬೇಯಿಸುವುದೇ ಆಟ. ಬೆಳೆದ ಮಗನು ತಾಯಿಯ ನುಡಿಯಿಂದಲೂ ಊಟದಿಂದಲೂ ದೂರವಾಗುವುದೇ ಕಥೆ. ಅಳಿದ ಅಕ್ಷರವನ್ನು ಕೈಯಿಂದ ಕೂಡಿಸುವ ಕೆಲಸವೇ ಕಥೆಯ ಅರ್ಥವೂ ಆಗಿದೆ. ಮೇಲೆ ಹೇಳಿದ ಐಕ್ಯವೆಂದರೆ ಇದು. ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು 2024ರಲ್ಲಿ ಚೊಚ್ಚಲ ಕೃತಿಗೆ ಕೊಡುವ ಪ್ರಶಸ್ತಿಯನ್ನು ಇದಕ್ಕೆ ಕೊಟ್ಟಿತು. ಇದನ್ನಾಡಿ ಮುಗಿಸಿದ ಮರುದಿನ ತರುಣನು, ಇಡ್ಲಿಗೆ ಉದ್ದೆಷ್ಟು ಅಕ್ಕಿಯೆಷ್ಟು ನೆನೆಸಬೇಕೆಂದು ತನ್ನ ತಾಯಿಯನ್ನು ಮೊದಲ ಬಾರಿಗೆ ಕೇಳಿದನಂತೆ.

ಆದರೆ ತಾಯ್ನುಡಿ ಮರೆತ ಮಗನ ಆ ಕಥೆಯನ್ನು ಅವನು ಆಡಿದ್ದು ಇಂಗ್ಲಿಷಿನಲ್ಲಿ, ಐದನ್ನೂ ಇಂಗ್ಲಿಷಿನಲ್ಲಿ. ತನ್ನ ವಿಮರ್ಶೆಯನ್ನು ಮಾತ್ರ ಕನ್ನಡದಲ್ಲಿ ಹೇಳಲು ಪ್ರಯತ್ನಪಟ್ಟನು. ಪದ ಸಿಗದೆ ಎಡೆಯೆಡೆಯಲ್ಲಿ ತಡವರಿಸಿದನು. ನಿರ್ವಹಣಸಂಧಿ, ಔಚಿತ್ಯ, ರಸಭಂಗ ಎಂಬ ಪದಗಳು ಗೋಷ್ಠಿಯ ಹಿರಿಯರ ಬಳಿ ಇದ್ದುವು. ಅವರು ಅವುಗಳನ್ನು ಕೊಡಲಿಲ್ಲ, ನಕ್ಕರು. ಇನ್ನು ಮುಂದೆ ಅವನು ತನ್ನ ಅಭಿಪ್ರಾಯವನ್ನು ಎಲ್ಲಿ, ಯಾವ ಭಾಷೆಯಲ್ಲಿ ಹೇಳುವನೆಂಬುದನ್ನು ಊಹಿಸುವುದು ಕಷ್ಟವಲ್ಲ.

ನಾಳೆ ಇಂಥ ಆಟಗಳನ್ನು ನಿರ್ಮಿಸುವವರು ದಾವಣಗೆರೆಯಂಥ ಊರುಗಳ ಕಾಲೇಜುಗಳಿಂದಲೇ ಬರುವರು. ಅವರ ಕೈಗೆ ಪಂಪರನ್ನರನ್ನು ಕೊಟ್ಟರೆ ಅವರು ಕರ್ಣನ ಕಥೆಯನ್ನು ರಚಿಸಿಯಾರು. ಕೊಡದಿದ್ದರೆ ಗುಂಡು ಹಾರಿಸುವ ಪಂದ್ಯವೊಂದನ್ನು ರಚಿಸುವರು, ಆಗ ಹಿರಿಯರ ನಿಂದೆಯೇ ನಿಜವಾಗುವುದು. ಜಿಲ್ಲೆಯ ಸಾಹಿತ್ಯಸಂಘಗಳು ಪುಸ್ತಕವಿಮರ್ಶೆಗೆ ಕೊಡುವ ಪುಟಗಳಲ್ಲಿ ಒಂದನ್ನು ಇಂಥ ತರುಣರಿಗೆ ಬಿಡಲಿ. ತಪ್ಪಿದ್ದರೆ ತಿದ್ದಲಿ, ವಾದಿಸಲಿ, ಬೇಕಾದರೆ ಖಂಡಿಸಲಿ. ಖಂಡನೆಯೂ ಒಂದು ಗೌರವವೇ. ಕೇಳದೆ ನಗುವುದು ಮಾತ್ರ ವಿಮರ್ಶೆಯಲ್ಲ.