ಎಂಟನೇ ತರಗತಿ ಕೆಳಗಿಳಿದು ಬರಲಿ

ಸನ್ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಾನು ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನವಳು. ನನ್ನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆ ಇದೆ. ಅದನ್ನು ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆಗೆ ಒಂದು ಮಗುವಿಗೆ 32 ಲಕ್ಷ ಡಾಲರ್ ಬೆಲೆ. ಅದೂ ಕಾಯಿಲೆಯನ್ನು ಬುಡಸಮೇತ ಕೀಳುವುದಿಲ್ಲ. ಅದೆಲ್ಲ ಆರೋಗ್ಯ ಇಲಾಖೆಯ ಹತ್ತಿರ ಆಡಬೇಕಾದ ಮಾತು. ನಿಮ್ಮ ಹತ್ತಿರ ಕೇಳುತ್ತಿರುವುದು ಒಂದು ಕೊಠಡಿ. ಈ ಸಲ ಎಂಟನೇ ತರಗತಿಗೆ ಹೋಗಬೇಕಾದ ಹುಡುಗನಿಗೆ ಮೆಟ್ಟಿಲಿಲ್ಲದ ಜಾಗದಲ್ಲಿ ಒಂದು ಕೊಠಡಿ.

ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಅದರ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಕಾಯಿಲೆ ಬರುವುದು ಹೆಚ್ಚುಕಡಿಮೆ ಗಂಡುಮಕ್ಕಳಿಗೇ. 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ. ಮೂರು ನಾಲ್ಕು ವರ್ಷಕ್ಕೆ ಮಗು ಪದೇ ಪದೇ ಎಡವುತ್ತದೆ, ತುದಿಗಾಲಲ್ಲಿ ನಡೆಯುತ್ತದೆ, ಮೀನಖಂಡ ದಪ್ಪವಾಗುತ್ತದೆ. ನನ್ನ ಮಗನ ಕಾಲು ನೋಡಿ ನಮ್ಮ ಮನೆಯ ಹಿರಿಯರು ‘ಪೈಲ್ವಾನ್ ಆಗ್ತಾನೆ’ ಎಂದು ಸಂತೋಷಪಟ್ಟಿದ್ದರು. ಹನ್ನೆರಡರ ಆಸುಪಾಸಿಗೆ ಈ ಮಕ್ಕಳ ನಡಿಗೆ ನಿಲ್ಲುತ್ತದೆ. ಆಮೇಲೆ ಬೆನ್ನು, ಕೈ, ಉಸಿರು, ಹೃದಯ. ನನ್ನ ಮಗನ ನಡಿಗೆ ಕಳೆದ ವರ್ಷ ನಿಂತಿತು.

ನಮಗೆ ಹತ್ತಿರವಿರುವ ಹೈಸ್ಕೂಲಿನಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಗಳು ಮಹಡಿ ಮೇಲಿವೆ. ಕೆಳಗೆ ಆಫೀಸು, ಸ್ಟಾಫ್ ರೂಮು, ಕಂಪ್ಯೂಟರ್ ಕೊಠಡಿ, ಹತ್ತನೇ ತರಗತಿ. ದಾಖಲಾತಿ ಕೇಳಲು ಹೋದಾಗ ಯಾರೂ ಒರಟಾಗಿ ಮಾತಾಡಲಿಲ್ಲ. ‘ಯಾಕಮ್ಮಾ ಅವನಿಗೆ ಹಿಂಸೆ? ಹೆಸರು ಬರ್ಕೋತೀವಿ. ಮನೇಲೇ ಓದಿಸಿ, ಪರೀಕ್ಷೆಗೆ ಕರ್ಕೊಂಡು ಬಂದ್ರೆ ಸಾಕು’ ಎಂದರು. ಕನಿಕರದಿಂದಲೇ ಹೇಳಿದ ಮಾತು. ಆದರೆ ಆ ಕನಿಕರದ ಫಲವಾಗಿ ನನ್ನ ಮಗ ದಿನವಿಡೀ ಮನೆಯ ಗೋಡೆ ನೋಡುತ್ತಾ ಕೂರಬೇಕು. ಮನೆಯಲ್ಲೇ ಕಲಿಸುವ ವ್ಯವಸ್ಥೆ ನಿಮ್ಮ ಇಲಾಖೆಯಲ್ಲಿದೆ; ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಅದು ಬೇಕು, ಅದನ್ನು ನಾನು ಗೌರವಿಸುತ್ತೇನೆ. ಶಾಲೆಗೆ ಬರಬಲ್ಲ, ಬರಲು ಆಸೆಪಡುವ ಹುಡುಗನನ್ನು ಮೆಟ್ಟಿಲ ಕಾರಣಕ್ಕೆ ಅದಕ್ಕೆ ತಳ್ಳಬಾರದು.

ಅವನೊಬ್ಬನನ್ನೇ ಕೆಳಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರಿಸಿ ಎಂದೂ ನಾನು ಕೇಳುತ್ತಿಲ್ಲ. ಅವನ ಜೊತೆ ಅವನ ಇಡೀ ತರಗತಿ ಕೆಳಗೆ ಬರಲಿ. ಕಂಪ್ಯೂಟರುಗಳು ಮೇಲೆ ಹೋಗಲಿ. ಅವನ್ನು ಒಂದು ಸಲ ಹೊತ್ತರೆ ಆಯಿತು. ಮಗನನ್ನು ಅವರಪ್ಪ ದಿನವೂ ಹೊರಬೇಕು, ಅವನು ಬೆಳೆಯುತ್ತಲೂ ಇದ್ದಾನೆ.

ಶಾಲಾ ಕಟ್ಟಡಗಳಲ್ಲೇ ನಮ್ಮ ಚುನಾವಣೆಗಳೂ ನಡೆಯುತ್ತವೆ. ಮತಗಟ್ಟೆ ನೆಲ ಅಂತಸ್ತಿನಲ್ಲೇ ಇರಬೇಕು, ಅಲ್ಲಿಗೆ ಇಳಿಜಾರು ದಾರಿ ಇರಬೇಕು ಎಂದು ಚುನಾವಣಾ ಆಯೋಗದ ಸೂಚನೆ ಇದೆ. ಆ ದಿನ ನಮ್ಮೂರಿಗೂ ವೀಲ್‌ಚೇರ್ ಬರುತ್ತದೆ. ನಡೆಯಲಾಗದ ಅಜ್ಜಿಯರು ಅದರಲ್ಲಿ ಕೂತು ಹೋಗಿ ಓಟು ಹಾಕಿ ಬರುವುದನ್ನು ಕಂಡು ನನಗೆ ಹೆಮ್ಮೆಯಾಗಿದೆ. ಮತ ಹಾಕುವವರಿಗೆ ಮೆಟ್ಟಿಲು ಅಡ್ಡ ಬರಬಾರದು ಎಂಬ ನಿಯಮವನ್ನು ಒಂದು ದಿನದ ಮಟ್ಟಿಗೆ ಪಾಲಿಸಲು ಸಾಧ್ಯವಾಗಿದೆ. ಓದುವವರಿಗೂ ಅಡ್ಡ ಬರಬಾರದು ಎಂಬುದನ್ನು ವರ್ಷಪೂರ್ತಿ ಪಾಲಿಸಬೇಕಾದ್ದು ನಿಮ್ಮ ಇಲಾಖೆ.

ಕೊಠಡಿ ಕೆಳಗಿದ್ದರಷ್ಟೇ ಸಾಲದು, ಸ್ವಾಮಿ. ಏಳನೇ ತರಗತಿಯವರೆಗೆ ಓದಿದ ಶಾಲೆಯಲ್ಲಿ ಅವನ ತರಗತಿ ಕೆಳಗೇ ಇತ್ತು. ಆದರೂ ಬೆಳಿಗ್ಗೆ ಮನೆ ಬಿಟ್ಟವನು ಸಂಜೆ ತನಕ ನೀರು ಮುಟ್ಟುತ್ತಿರಲಿಲ್ಲ. ಕ್ಷೀರಭಾಗ್ಯದ ಹಾಲನ್ನು ಪಕ್ಕದ ಹುಡುಗನಿಗೆ ಕೊಟ್ಟುಬಿಡುತ್ತಿದ್ದ. ಶೌಚಾಲಯಕ್ಕೆ ಎರಡು ಮೆಟ್ಟಿಲು, ಬಾಗಿಲು ವೀಲ್‌ಚೇರಿಗಿಂತ ಕಿರಿದು, ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲ. ಯಾರನ್ನಾದರೂ ಎತ್ತಿಕೊಳ್ಳಲು ಕರೆಯಬೇಕಿತ್ತು. ಆ ವಯಸ್ಸಿನ ಹುಡುಗನಿಗೆ ಅದೆಷ್ಟು ನಾಚಿಕೆಯೋ, ಗಂಡುಮಕ್ಕಳನ್ನು ಬೆಳೆಸಿದವರಿಗೆ ಗೊತ್ತು. ಬೇಸಿಗೆಯಲ್ಲಿ ಒಣಗಿದ ತುಟಿಯಲ್ಲಿ ಮನೆಗೆ ಬಂದು ತಂಬಿಗೆ ಎತ್ತಿ ಗಟಗಟ ಕುಡಿಯಲು ಹೋಗುತ್ತಿದ್ದ. ಈಚೆಗೆ ತಂಬಿಗೆ ಎತ್ತಲೂ ಕೈ ಬರುತ್ತಿಲ್ಲ, ನಾನೇ ಹಿಡಿಯುತ್ತೇನೆ.

ಈ ಕಾಯಿಲೆಯ ಮಕ್ಕಳಲ್ಲಿ ಅನೇಕರ ಆಯಸ್ಸು ಇಪ್ಪತ್ತು ಮೂವತ್ತರ ನಡುವೆಯೇ ಮುಗಿಯುತ್ತದೆ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೆ ನಿಮಗೆ ತಿಳಿದಿರಬೇಕು. ಹತ್ತು ವರ್ಷದ ಶಾಲೆ ನಿಮಗೂ ನನಗೂ ಬದುಕಿನ ಶುರುವಾತು. ನನ್ನ ಮಗನಿಗೆ ಅದು ಬದುಕಿನ ದೊಡ್ಡ ಪಾಲು. ಗೆಳೆಯರು, ಜಗಳ, ಮೇಷ್ಟ್ರ ಹೊಗಳಿಕೆ, ಪ್ರತಿಭಾ ಕಾರಂಜಿ ಎಲ್ಲ ಅವನಿಗೆ ಸಿಗಬೇಕಾದ್ದು ಅಲ್ಲೇ.

ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಯ ಕಟ್ಟಡ, ಆವರಣ ಇಂಥ ಮಕ್ಕಳ ಕೈಗೆಟುಕುವಂತಿರಬೇಕು ಎಂದು 16ನೇ ಕಲಂ ಹೇಳುತ್ತದೆ. ಆರರಿಂದ ಹದಿನೆಂಟು ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು 31ನೇ ಕಲಂ ಕೊಟ್ಟಿದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ನನ್ನ ಮಗನಿಗೆ ಇದರ ಕಾಲ ಮೀರಿತು, ಬೇರೆ ಮಕ್ಕಳಿಗೆ ಒದಗೀತು. ನೆಲದ ಮೇಲೆ ಕೂತ ಈ ಮಕ್ಕಳು ಏಳುವ ರೀತಿಯೇ ಬೇರೆ. ಮೊದಲು ಅಂಗೈ ಊರುತ್ತಾರೆ, ಆಮೇಲೆ ಮೊಣಕಾಲು ಹಿಡಿಯುತ್ತಾರೆ, ತೊಡೆಯ ಮೇಲೆ ಕೈ ಏರಿಸುತ್ತಾ ತಮ್ಮ ಮೈಯನ್ನೇ ಹತ್ತಿಕೊಂಡು ನಿಲ್ಲುತ್ತಾರೆ. ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ ಇದನ್ನು 1879ರಲ್ಲೇ ವಿವರಿಸಿದ. ನೋಡಲು ಯಾವ ಯಂತ್ರವೂ ಬೇಡ. ನಲಿಕಲಿಯಲ್ಲಿ ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕಲಿಸುವ ನಮ್ಮ ಶಿಕ್ಷಕಿಯರಿಗೆ ಇದು ದಿನವೂ ಕಣ್ಣೆದುರೇ ನಡೆಯುತ್ತದೆ, ಹೇಳಿಕೊಟ್ಟವರಿಲ್ಲ, ಅಷ್ಟೆ. ನನ್ನ ಮಗನನ್ನು ಒಂದನೇ ತರಗತಿಯಲ್ಲಿ ಸೋಮಾರಿ ಎಂದರು, ಡ್ರಿಲ್ಲಿನಲ್ಲಿ ಹಿಂದೆ ಬಿದ್ದದ್ದಕ್ಕೆ ಇನ್ನೊಂದು ಸುತ್ತು ಓಡಿಸಿದರು. ದುರ್ಬಲ ಸ್ನಾಯುವಿಗೆ ಅತಿ ಶ್ರಮ ಹಾನಿಕರ.

ಆಸ್ಪತ್ರೆಯಲ್ಲೂ ದಾರಿ ತಪ್ಪಿತು. ರಕ್ತದಲ್ಲಿ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ. ಎಂಬ ಕಿಣ್ವಗಳು ಹೆಚ್ಚಿವೆ ಎಂದು ಲಿವರಿಗೆ ಔಷಧಿ ಕೊಟ್ಟರು, ನಾವು ಕಾಮಾಲೆಯ ನಾಟಿ ಮದ್ದನ್ನೂ ಕುಡಿಸಿದೆವು. ಆ ಕಿಣ್ವಗಳು ಸವೆಯುತ್ತಿರುವ ಸ್ನಾಯುಗಳಿಂದಲೂ ಬರುತ್ತವೆ ಎಂದು ತಿಳಿದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಸಿ.ಪಿ.ಕೆ. ಎಂಬ ಒಂದು ರಕ್ತ ಪರೀಕ್ಷೆ ಮೊದಲೇ ಮಾಡಿಸಿದ್ದರೆ ಸುಳಿವು ಸಿಗುತ್ತಿತ್ತು. ಬೇಗ ತಿಳಿದರೆ ಸ್ಟೀರಾಯ್ಡ್ ಮಾತ್ರೆಯಿಂದ ನಡಿಗೆಯನ್ನು ಕೆಲವು ವರ್ಷ ಉಳಿಸಿಕೊಳ್ಳಬಹುದು. ಮೊದಲ ಮಗನ ಕಾಯಿಲೆ ಗೊತ್ತಾಗುವ ಹೊತ್ತಿಗೆ ಎರಡನೆಯವನೂ ಅದೇ ಕಾಯಿಲೆ ಹೊತ್ತು ಹುಟ್ಟಿರುವ ಮನೆಗಳನ್ನು ನಾನು ನೋಡಿದ್ದೇನೆ. ಈ ಮಕ್ಕಳ ತಾಯಂದಿರನ್ನು ‘ನಿನ್ನ ಕಡೆಯಿಂದ ಬಂದದ್ದು’ ಎಂದು ಚುಚ್ಚುವವರೂ ಇದ್ದಾರೆ. ಆದರೆ ಮೂರರಲ್ಲಿ ಒಂದರಷ್ಟು ಮಕ್ಕಳಲ್ಲಿ ಜೀನಿನ ದೋಷ ತಾಯಿಯಿಂದ ಬಂದದ್ದಲ್ಲ, ಹೊಸದಾಗಿ ಆದದ್ದು.

ಸಚಿವರೇ, ಶಾಲೆ ತೆರೆಯುವ ಮೊದಲು ಒಂದು ಸುತ್ತೋಲೆ ಹೊರಡಿಸಿ. ನಡೆಯಲಾಗದ ಒಂದು ಮಗುವಿದ್ದರೂ ಆ ತರಗತಿ ನೆಲ ಅಂತಸ್ತಿನಲ್ಲೇ ನಡೆಯಬೇಕು, ಆ ಮಗುವಿಗೆ ಹೋಗಲಾಗುವ ಒಂದು ಶೌಚಾಲಯ ಇರಬೇಕು ಎಂದು ಪ್ರತಿಯೊಬ್ಬ ಬಿಇಒಗೆ ತಿಳಿಸಿ, ಆಗಿದೆಯೇ ಎಂದು ಹೋಗಿ ನೋಡುವಂತೆ ಹೇಳಿ. ಶಿಕ್ಷಕರ ತರಬೇತಿಯಲ್ಲಿ ಮಗು ನೆಲದಿಂದ ಏಳುವುದನ್ನು ಗಮನಿಸಲು ಕಲಿಸಿ. ನನ್ನ ಮಗನ ಏಳನೇ ತರಗತಿಯ ಟಿ.ಸಿ. ಕೈಯಲ್ಲಿದೆ, ದಾಖಲಾತಿಯ ದಿನ ಹತ್ತಿರ ಬರುತ್ತಿದೆ. ನಿಮ್ಮ ಆದೇಶಕ್ಕೆ ಕಾಯುತ್ತೇವೆ.

ಇಂತಿ,
ಒಬ್ಬ ತಾಯಿ
ಹಾಸನ ಜಿಲ್ಲೆ